ಸಪ್ಪಳಿಲ್ಲದ ಅರ್ಜಿ

ರೋಣದಲ್ಲಿ ಕುಳಿತು ‘ರ’ ಇಲ್ಲದ ಟೈಪ್‌ರೈಟರ್ ಬಡಿಯುವುದೆಂದರೆ ಮದುಮಗನಿಲ್ಲದೆ ಅಕ್ಕಿಕಾಳು ಹಾಕಿದ ಹಾಗೆ. ಈಶಪ್ಪನ ಮಷಿನ್ನಿನ ‘ರ’ ಯುಗಾದಿಯ ಹೊತ್ತಿಗೆ ಮುರಿದುಬಿತ್ತು. ತಾಲ್ಲೂಕು ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ ಮೂವತ್ತೊಂದು ವರ್ಷ ಜನರ ಅರ್ಜಿ ಬಡಿದವನು, ಅಷ್ಟಕ್ಕೆಲ್ಲ ಎದೆಗುಂದಲಿಲ್ಲ. ಜಾಗ ಬಿಟ್ಟು ಹೊಡೆದು, ಆಮೇಲೆ ಕಿತ್ತ ಗುಂಡಿ ಹಚ್ಚಿದ ಹಾಗೆ ಪೆನ್ನಿನಿಂದ ಒಂದೊಂದೇ ‘ರ’ ಕೂಡಿಸಿದ. ಆದರೆ ಮುಂದೆ ರಿಬ್ಬನ್ನೂ ಒಣಗಿತು. ನರಗುಂದದಿಂದ ಗದಗದವರೆಗೆ ಯಾವ ಅಂಗಡಿಯಲ್ಲಿ ಕೇಳಿದರೂ, “ರಿಬ್ಬನ್ನಾ? ಮಮ್ಮಗಳ ಜಡಿಗೇನ್ರಿ?” ಎಂದರು.

ಆಗ ಬಂದದ್ದು ಟ್ಯಾಬ್ಲೆಟ್. ಗಜೇಂದ್ರಗಡದ ಶಾಲೆಯೊಂದರಲ್ಲಿ ಟೀಚರಾಗಿರುವ ಮಗಳು ಸುವರ್ಣಾ ತಂದುಕೊಟ್ಟಳು. ಅದಕ್ಕೊಂದು ಹೊದಿಕೆ, ಬಿಚ್ಚಿದರೆ ಒಂದು ಮಗ್ಗುಲಿಗೆ ಕನ್ನಡಿಯಂಥ ಪರದೆ, ಇನ್ನೊಂದು ಮಗ್ಗುಲಿಗೆ ಕೀಲಿಗಳ ಸಾಲು.

“ಅಪ್ಪಾ, ನಿನ್ನ ಹಳೇ ಮಷಿನ್‌ದಾಗ ಹ್ಯಾಂಗಿತ್ತೋ ಹಂಗs ಅಕ್ಷರ ಕುಂಡ್ರಿಸೇನಿ. ನಿನ್ನ ಬೆರಳ ತಾವs ಹಾದಿ ಹಿಡೀತಾವ. ಇವತ್ತ ಸಂಜಿ ನಾ ಶಾಲಿ ಬಿಟ್ಟ ಬರೂದರೊಳಗ ಇದರಾಗ ಬಡದ ಒಂದ ಅರ್ಜಿಗೆ ಕಚೇರಿ ಸಿಕ್ಕಾ ಬೀಳಬೇಕು. ಬಿತ್ತೋ, ಗಿಡದ ಬುಡ ನಿಂದು. ಇಲ್ಲಂದ್ರ ತೆಪ್ಪಗ ಮನ್ಯಾಗ ಕುಂಡ್ರಬೇಕು. ಮಾತು ಅಂದ್ರ ಮಾತು.”

ಮನೆಯಲ್ಲಿ ಕೂರುವುದೆಂದರೆ ಈಶಪ್ಪನಿಗೆ, ಮೂಲೆಗೆ ಸರಿಸಿದ ಮಷಿನ್ನಿನ ಪಕ್ಕ ತಾನೂ ಸರಿದು ಕುಳಿತಂತೆ. ಹೂಂ ಅಂದ.

ಮೊದಲ ಗಿರಾಕಿ ಮೆಣಸಗಿಯ ಉಡಚವ್ವ.

“ನಮ್ಮ ಕ್ರಾಸಿನ್ಯಾಗ ಬಸ್ಸ ನಿಂದರವಲ್ದ್ರಿ. ನಾ ಕೈ ಮಾಡಿದ್ರ ಡ್ರೈವರನೂ ನಕ್ಕೋತ ಕೈ ಮಾಡಿ ಹೊಕ್ಕಾನ. ನನ್ನ ಮೊಣಕಾಲ ಎರಡೂ ಹೋಗ್ಯಾವ. ಗಟ್ಟಿ ಒಂದ ಅರ್ಜಿ ಹೊಡ್ರಿ.”

ಈಶಪ್ಪ ಮೂವತ್ತೊಂದು ವರ್ಷದ ಬಲ ಹಾಕಿ ಹೊಡೆದ. ಒಂದೊಂದು ಹೊಡೆತಕ್ಕೂ ಪರದೆ ಹೊಸ ಸೊಸೆಯಂತೆ ತಲೆಯಾಡಿಸಿ, ನಾಲ್ಕನೆಯದಕ್ಕೆ ಅಂಗಾತ ಮಲಗಿಬಿಟ್ಟಿತು. ಎಬ್ಬಿಸಿ ನಿಲ್ಲಿಸಿ, ಈ ಸಲ ಮೆಲ್ಲಗೆ ಬೆರಳಾಡಿಸಿದ.

“ಸಪ್ಪಳನs ಇಲ್ಲಲ್ರಿ!” ಉಡಚವ್ವ ಬಗ್ಗಿ ನೋಡಿದಳು. “ಹೊಡ್ಯಾಕತ್ತೀರೋ, ಸುಮ್ನ ಸವರಾಕತ್ತೀರೋ? ಹಿಂದ ನಮ್ಮ ಮನಿಯವರ ಅರ್ಜಿ ನೀವs ಹೊಡದಿದ್ರಿ. ಆ ಸಪ್ಪಳಕ್ಕ ಒಳಗ ಸಾಹೇಬ್ರು ನಿದ್ದಿ ಹರದು ಎದ್ದು ಕುಂತಿದ್ರು.”

ಪಕ್ಕದ ಚಹಾದಂಗಡಿಯ ಹೊನ್ನವ್ವ ಸೋಸುವ ಜಾಲರಿ ಹಿಡಿದೇ ಬಂದಳು. “ಮುಟ್ಟಿದರ ಮುನಿ ಇದ್ದಂಗ ಐತಲ್ರಿ ಇದು!”

ಎದುರಿನ ಝೆರಾಕ್ಸ್ ಅಂಗಡಿಯ ಶಾಹೀದ, “ಸಪ್ಪಳ ಬೇಕಾ? ತಗೋರಿ ಕಾಕಾ,” ಎನ್ನುತ್ತ ಪರದೆಯ ಮೇಲೆ ಎಲ್ಲೋ ಒಂದು ಕಡೆ ಒತ್ತಿದ. ಅಲ್ಲಿಂದ ಒಂದೊಂದು ಅಕ್ಷರಕ್ಕೂ ಲೊಚ್, ಲೊಚ್.

ಉಡಚವ್ವ ನೆಲಕ್ಕೆ ಬೆರಳು ಬಡಿದು ಕೃಷ್ಣ ಕೃಷ್ಣ ಎಂದಳು. “ಹಲ್ಲಿ ಒಮ್ಮೆ ಲೊಚಗುಟ್ಟಿದ್ರ ಮಾತು ಖರೇ ಅಂತಾರ. ಇಷ್ಟ ಸಲ ಲೊಚಗುಟ್ಟಿದ್ರ ಮನಿ ಬಿಡಬೇಕಾಗ್ತೈತಿ. ಬಂದ್ ಮಾಡ್ರಿ ಮೊದಲ!”

ಅಂತೂ ಅರ್ಜಿ ಮುಗಿಯಿತು. ಛಾಪಿಸಲು ಈಶಪ್ಪ ಪರದೆಯನ್ನಷ್ಟೇ ಕಿತ್ತುಕೊಂಡು ಶಾಹೀದನ ಅಂಗಡಿಗೆ ನಡೆದ. ಕೀಲಿಗಳ ಹೊದಿಕೆ ಕಟ್ಟೆಯ ಮೇಲೆಯೇ ಉಳಿಯಿತು. ಅಂಗಡಿಯಲ್ಲಿ ನೋಡನೋಡುತ್ತಲೇ ಪರದೆಯ ಮೇಲೆ ಅಕ್ಷರಗಳು ತಾವೇ ಸಾಲುಗಟ್ಟಿ ಇರುವೆಯಂತೆ ಹರಿಯತೊಡಗಿದವು.

“ಯಾ ಅಲ್ಲಾ! ಇದರ ಮೈಮ್ಯಾಲ ಬಂದೈತಿ ಕಾಕಾ!” ಶಾಹೀದ ಎರಡು ಹೆಜ್ಜೆ ಹಿಂದೆ ಸರಿದ.

ಈಶಪ್ಪ ಹೊರಗೆ ಇಣುಕಿದ. ಗಿಡದ ಕೆಳಗೆ ಹೊನ್ನವ್ವ ಒದ್ದೆ ಅರಿವೆಯಿಂದ ಕೀಲಿಗಳನ್ನು ತಿಕ್ಕುತ್ತಿದ್ದಳು.

“ಏ ಹೊನ್ನವ್ವಾ, ಕೈ ತಗಿ!”

“ಮಣ್ಣ ಕುಂತಿತ್ರಿ! ಉಪಕಾರ ಮಾಡಿದ್ರ ಬೈತೀರಲ್ಲ!”

ಇರುವೆಗಳನ್ನೆಲ್ಲ ಅಳಿಸಿ ಅರ್ಜಿ ಹೊರಬಂದಾಗ ಮೂರೂವರೆ. ಈಶಪ್ಪ ‘ರ’ಗಳನ್ನು ಒಮ್ಮೆ ನೋಡಿದ. ಎಲ್ಲವೂ ಇದ್ದವು, ಒಂದೂ ಪೆನ್ನಿನದಲ್ಲ.

ಉಡಚವ್ವನಿಗೆ ಓದು ಬಾರದು. ಓದು ಬಾರದವರು ಅರ್ಜಿ ನೋಡುವ ರೀತಿಯೇ ಬೇರೆ. ಹಾಳೆಯನ್ನು ಬೋರಲು ಹಾಕಿ, ರೊಟ್ಟಿಯ ಪದರು ಮುಟ್ಟಿ ನೋಡುವ ಹಾಗೆ ಹೆಬ್ಬೆರಳಿನಿಂದ ಬೆನ್ನು ಸವರುತ್ತಾರೆ. ಅಕ್ಷರ ಉಬ್ಬಿದ್ದರೆ ಅರ್ಜಿ ಗಟ್ಟಿ.

“ಬೋಳ ತಲಿಯಂಗ ನುಣ್ಣಗೈತಿ,” ಎಂದಳು. “ಇದಕ್ಕ ಯಾರ ಅಂಜತಾರ್ರಿ? ನಾ ಒಲ್ಯಾ.”

ಕಚೇರಿ ಮುಚ್ಚುವ ಹೊತ್ತು, ಮಗಳು ಬರುವ ಹೊತ್ತು ಎರಡೂ ಹತ್ತಿರ ಬರುತ್ತಿದ್ದವು. ಈಶಪ್ಪ ಚಹಾದಂಗಡಿಯ ಮೂಲೆಯಲ್ಲಿ ಗೋಣಿತಟ್ಟು ಹೊದ್ದು ಕುಳಿತಿದ್ದ ಮಷಿನ್ ಎಳೆದು ತಂದ. ರಿಬ್ಬನ್ ಒಣಗಿದ್ದರೇನು, ಸಪ್ಪಳ ತಾನೇ ಬೇಕಾದದ್ದು? ರೂಢಿಯಂತೆ ನಡುವೆ ಕಾರ್ಬನ್ ಇಟ್ಟು ಎರಡು ಹಾಳೆ ಏರಿಸಿದ.

ಟಕ ಟಕ ಟಕ ಟಕ, ಟಿಂಗ್!

ಗಿಡದ ಗಿಳಿಗಳು ಹಾರಿದವು. ಹೊನ್ನವ್ವನ ಚಹಾ ಉಕ್ಕಿತು. ಹಾದಿಹೋಕರು ನಿಂತರು. ಈಶಪ್ಪನಿಗೆ ಮಾತ್ರ ಅವರಾರೂ ಕಾಣಲಿಲ್ಲ. ತೀರಿಹೋದ ಹೆಂಡತಿ ಗೌರವ್ವ ಮಧ್ಯಾಹ್ನ ಡಬ್ಬಿ ಹಿಡಿದು ಬಂದು, ಸಾಲು ಮುಗಿದ ಗಂಟೆ ಕೇಳಿದ ಮೇಲಷ್ಟೇ “ಏಳ್ರಿ ಇನ್ನ” ಎನ್ನುತ್ತಿದ್ದಳು. ಇವನು ದಿನಾಲೂ ಕೊಡುತ್ತಿದ್ದ ಉತ್ತರ ಒಂದೇ. ಈಗ ಬೆರಳುಗಳು ಆ ಉತ್ತರವನ್ನೇ ಹೊಡೆದವು, ಹಾಳೆ ತುಂಬುವವರೆಗೆ.

ಮೇಲಿನ ಹಾಳೆಯನ್ನಷ್ಟೇ ಎಳೆದು, ಛಾಪಿಸಿದ್ದರ ಜೊತೆ ಉಡಚವ್ವನ ಕೈಗಿಟ್ಟ. “ಈ ಛಾಪಿಸಿದ್ದು ಒಳಗ ಕೊಡು. ಈ ಹೊಡದದ್ದು ನಿನ್ನ ಸಮಾಧಾನಕ್ಕ.”

ಉಡಚವ್ವ ಹೆಬ್ಬೆರಳಾಡಿಸಿ, ಗೋಣು ಹಾಕಿ ಹೋದಳು.

ಸುವರ್ಣಾ ಬಸ್ಸಿಳಿದು ಬರುವುದಕ್ಕೂ ಉಡಚವ್ವ ಸೆರಗು ಹಾರಿಸುತ್ತ ಹೊರಬರುವುದಕ್ಕೂ ಸರಿಹೋಯಿತು. “ಸಿಕ್ಕಾ ಬಿತ್ರಿ!”

“ನೋಡವಾ!” ಈಶಪ್ಪನ ಎದೆ ಜೋಳದ ಚೀಲದಂತೆ ಉಬ್ಬಿತು. “ನಿನ್ನ ಟ್ಯಾಬ್ಲೆಟ್ಟಿನ ಅರ್ಜಿ!”

“ಯಾವ ಟ್ಯಾಬ್ಲೆಟ್ಟು?” ಉಡಚವ್ವ ಛಾಪಿಸಿದ ಹಾಳೆಯನ್ನು ತಿರುಗಿ ಅವನ ಕೈಗೇ ಇಟ್ಟಳು. “ಈ ನುಣ್ಣಂದು ನೀವs ಇಟ್ಕೋರಿ. ನಾ ಹೊಡದದ್ದs ಕೊಟ್ಟ, ಕ್ರಾಸಿನ ಬಸ್ಸಿಂದು ಬಾಯಿಲೆ ಹೇಳಿ ಬಂದೆ. ಹೊಳ್ಳಿಸಿ ಮಳ್ಳಿಸಿ ನೋಡಿ, ಧಪ್ ಅಂತ ಒತ್ತಿದ್ರು.”

ಈಶಪ್ಪ ಹಾಳೆ ಹಿಡಿದು ಕಚೇರಿಗೆ ಓಡಿದ. ಕಿಟಕಿಯಲ್ಲಿದ್ದ ಗುಮಾಸ್ತ ಸಿದ್ದರಾಮೇಶ ಗಡಿಯಾರ ನೋಡಿದ.

“ಮೆಣಸಗಿ ಕ್ರಾಸಿಂದು ಈಗ ಬಂತಲ್ರಿ, ನಂಬರೂ ಬಿತ್ತು. ಒಂದ ಕೆಲಸಕ್ಕ ಒಂದs ಅರ್ಜಿ.” ಆಮೇಲೆ ಈಶಪ್ಪನ ಹಾಳೆಯ ಮೇಲೆ ಕಣ್ಣಾಡಿಸಿ ಮುಖ ಕಿವುಚಿದ. “ಅಲ್ದ ಇದರಾಗ ಏನೇನೋ ಬರದೀರಿ. ಆಗ ಕೊಟ್ಟದ್ದs ಚಲೋ ಇತ್ತು. ಒಂದೂ ತಪ್ಪಿರಲಿಲ್ಲ.”

ಈಶಪ್ಪ ಕಾಲೆಳೆಯುತ್ತ ಗಿಡದ ಕೆಳಗೆ ಬಂದಾಗ ಅಲ್ಲಿ ಐದು ಜನ ಕಾದು ನಿಂತಿದ್ದರು. “ಉಡಚವ್ವಗ ಹೊಡದಂಥಾದ್ದs ನಮಗೂ ಹೊಡ್ರಿ!”

ಸುವರ್ಣಾ ಟ್ಯಾಬ್ಲೆಟ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಿದ್ದಳು. ಕೈಯಲ್ಲಿ ಮಷಿನ್ನಿನಲ್ಲೇ ಉಳಿದಿದ್ದ ಕಾರ್ಬನ್ ಪ್ರತಿ. ಮೇಲಿನ ಹಾಳೆಯಲ್ಲಿ ಮೂಡದ ಅಕ್ಷರಗಳೆಲ್ಲ ಅದರಲ್ಲಿ ನೀಲಿಯಾಗಿ ಮೂಡಿದ್ದವು. ಪ್ರತಿ ಸಾಲಿನ ಮೊದಲಿಗೆ ಅವ್ವನ ಹೆಸರು, ನಡುವೆ ‘ರ’ದ ಜಾಗ ಬಿದ್ದ ಹಲ್ಲಿನಂತೆ ಖಾಲಿ.

“ಮಾತು ಅಂದ್ರ ಮಾತು,” ಎಂದಳು. “ಸೋತಿ ಅಪ್ಪಾ. ನಡಿ ಮನೀಗೆ.”

ಈಶಪ್ಪ ಆಗಲೇ ಹೊಸ ಹಾಳೆ ಏರಿಸುತ್ತಿದ್ದ. ತಲೆ ಎತ್ತಲಿಲ್ಲ.

“ಬಂದೆ ತಡಿ. ಇನ್ನೊಂದು ಸಾಲು ಐತಿ.”

ಸುವರ್ಣಾ ಕೈಯಲ್ಲಿನ ಹಾಳೆಯ ತುಂಬ ಇದ್ದ ಅದೇ ಮಾತನ್ನೊಮ್ಮೆ ನೋಡಿ, ಕಟ್ಟೆಯ ತುದಿಗೆ ಕುಳಿತಳು. ಅವಳ ಅವ್ವ ಇಲ್ಲೇ ಕುಳಿತು ಕಾಯುತ್ತ ಅದೆಷ್ಟು ಡಬ್ಬಿ ತಣ್ಣಗಾಗಿಸಿದ್ದಳೋ.