ಹೆಡ್ ಕ್ಲರ್ಕ್ ತಲೆಯೂ ಗಾಜಿನ ಇಟ್ಟಿಗೆಯೂ

"ಸಾರ್, ಎಡಗಿವಿ ಹಿಂದೆ ನಾಲ್ಕು ಬೆರಳಗಲ ಬಿಟ್ಟುಹೋಗಿದೆ!"

ಎದುರು ಮನೆ ಮಹಡಿಯಿಂದ ಈ ಮಾತು ಬಂದು ಬಿದ್ದಾಗ ಹೆಡ್ ಕ್ಲರ್ಕ್ ತಮ್ಮ ಬಚ್ಚಲ ಕಿಟಕಿಯ ಹತ್ತಿರ ನಿಂತು, ಕೊರಳಿಗೆ ಹಳೇ ಟವೆಲ್ ಸುತ್ತಿಕೊಂಡು, ಸವೆದ ಬ್ರಷ್ಷಿನಲ್ಲಿ ತಲೆಗೆ ಕರಿ ಬಣ್ಣ ಬಳಿದುಕೊಳ್ಳುತ್ತಿದ್ದರು. ಬೆಳಕು ಸಾಲದೆಂದು ಕಿಟಕಿಯ ಎರಡೂ ಬಾಗಿಲು ತೆರೆದವರೂ ಅವರೇ. ಕೂಗಿದಾಕೆ ಟೈಲರಮ್ಮ. ನಲವತ್ತು ವರ್ಷ ಬಟ್ಟೆ ಹೊಲಿದ ಕಣ್ಣು ಅದು. ಎಲ್ಲಿ ಒಂದು ಹೊಲಿಗೆ ಬಿಟ್ಟಿದ್ದರೂ ಬೀದಿಯಾಚೆಯಿಂದಲೇ ಹಿಡಿಯುತ್ತಿತ್ತು.

"ಅಮ್ಮಾ, ಇದು... ಎಣ್ಣೆ!"

"ಎಣ್ಣೆ ಅಷ್ಟು ಕಪ್ಪಗಿರುತ್ತಾ? ಯಾವ ಗಾಡೀದು ಸಾರ್?"

ಕಿಟಕಿ ದಢಾರನೆ ಮುಚ್ಚಿಕೊಂಡಿತು. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಟೈಲರಮ್ಮನ ಅಳಿಯ ಹೆಡ್ ಕ್ಲರ್ಕ್ ಕೈಕೆಳಗೇ ಗುಮಾಸ್ತ! ಆ ಕಚೇರಿಯಲ್ಲಿ ಅವರ ಕಪ್ಪು ಕೂದಲೆಂದರೆ ಒಂದು ಪವಾಡ. ಐವತ್ತಾರರಲ್ಲೂ ಒಂದು ನರೆಯಿಲ್ಲ! ಗುಟ್ಟು ಕೇಳಿದವರಿಗೆಲ್ಲ, "ತಣ್ಣೀರು ಕಣಯ್ಯಾ, ತಣ್ಣೀರು! ಮೊದಲ ಚೊಂಬು ನೆತ್ತಿಗೆ!" ಎನ್ನುತ್ತಿದ್ದರು. ನಂಬಿದ ಇಬ್ಬರು ಗುಮಾಸ್ತರು ನೆಗಡಿ ಹಿಡಿದು ರಜೆ ಹಾಕಿದ್ದರು. ಸಾಲದ್ದಕ್ಕೆ ಮ್ಯಾನೇಜರು ಕಚೇರಿ ಪತ್ರಿಕೆಗೆ 'ತಣ್ಣೀರಿನ ಮಹಿಮೆ' ಎಂಬ ಲೇಖನ ಬರೆಯಲು ಹೊರಟಿದ್ದರು. ಮುಂದಿನ ತಿಂಗಳ ಮೊದಲ ಸೋಮವಾರ ಫೋಟೋ.

"ಪರದೆ ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ ನೀವು," ಎಂದಳು ಹೆಂಡತಿ.

"ಪರದೆ ಹಾಕಿದ್ರೆ ಕತ್ತಲು. ಕತ್ತಲಲ್ಲಿ ಬಳ್ಕೊಂಡ್ರೆ ಹಣೆಗೂ ಹತ್ತುತ್ತೆ. ಆ ಸಲ ನೋಡಿದ್ಯಲ್ಲ?"

"ನೋಡಿದೀನಿ. ನಾಲ್ಕು ದಿನ ನಿಮಗೆ ಮೂರು ಹುಬ್ಬಿತ್ತು."

ಬೆಳಕು ಬರಬೇಕು, ಕಣ್ಣು ಬರಬಾರದು! ಹೆಡ್ ಕ್ಲರ್ಕ್ ಅಲ್ಲೇ ಶಪಥ ಮಾಡಿದರು. ಊರೆಲ್ಲ ವಿಚಾರಿಸಿದ ಮೇಲೆ ಸಿಕ್ಕಿದ್ದು ಗಾಜಿನ ಇಟ್ಟಿಗೆ. ಕಿಟಕಿ ಕಿತ್ತು ಆ ಜಾಗದಲ್ಲಿ ಇದನ್ನು ಗೋಡೆಯ ಹಾಗೆ ಕಟ್ಟಿಬಿಡುವುದು.

"ಬೆಳಕು ಧಾರಾಳವಾಗಿ ಬರುತ್ತೆ ಸಾರ್," ಎಂದ ಮೇಸ್ತ್ರಿ. "ಆಚೆ ನಿಂತೋರಿಗೆ ಒಳಗಿರೋದು ಎಮ್ಮೆಯೋ ಮನುಷ್ಯನೋ ಗೊತ್ತಾಗಲ್ಲ. ಆದ್ರೆ ಬಿಳೀದು ಹಾಕ್ಸಿ. ಹಸಿರು ಬೇಡ."

"ಯಾಕೆ? ಹಸಿರು ಕಣ್ಣಿಗೆ ತಂಪಲ್ವೇನಯ್ಯಾ?"

"ತಂಪೇ ಸಾರ್. ಒಳಗೆ ನಿಂತೋರು ಗಿಳಿ ಥರ ಕಾಣ್ತಾರೆ."

"ಗಿಳಿ ಕಂಡ್ರೆ ನಿನಗೇನು ಕಷ್ಟ? ಕಟ್ಟು!"

ಗೋಡೆ ಎದ್ದಿತು. ಹೆಡ್ ಕ್ಲರ್ಕ್ ಹೆಂಡತಿಯನ್ನು ಬಚ್ಚಲಲ್ಲಿ ನಿಲ್ಲಿಸಿ, ತಾವು ಬೀದಿಗೆ ಹೋಗಿ ನೋಡಿದರು. ಹಸಿರು ಮಬ್ಬಿನಲ್ಲಿ ಏನೋ ಒಂದು ಅಲುಗಾಡಿತು.

"ನೀನೋ ನೀರಿನ ಹಂಡೆಯೋ ಗೊತ್ತೇ ಆಗಲ್ಲ ಕಣೇ!" ಎಂದು ಸಂತೋಷದಿಂದ ಕೂಗಿದರು.

ಒಳಗೆ ಬಂದ ಮೇಲೆ, "ಆಗ ಏನಂದ್ರಿ? ಇನ್ನೊಂದ್ಸಲ ಹೇಳಿ," ಎಂದಳು ಹೆಂಡತಿ.

ಆ ಮಾತನ್ನು ಮರೆಸಲು ಅವರು ಗಂಟಲು ಸರಿಮಾಡಿಕೊಂಡು ಕಟ್ಟಪ್ಪಣೆ ಹೊರಡಿಸಿದರು: "ಇನ್ಮೇಲೆ ನನ್ನ ತಲೆ ವಿಷಯಕ್ಕೆ ಯಾರೂ ಬಾಯಿ ಹಾಕೋ ಹಾಗಿಲ್ಲ. ಬೀದಿಯೋರೂ ಅಷ್ಟೇ, ಮನೆಯೋರೂ ಅಷ್ಟೇ!"

"ಆಯ್ತು," ಎಂದಳು ಹೆಂಡತಿ. ಆ 'ಆಯ್ತು' ಎಷ್ಟು ಚಿಕ್ಕದಾಗಿತ್ತು ಎನ್ನುವುದನ್ನು ಅವರು ಗಮನಿಸಬೇಕಿತ್ತು.

ಫೋಟೋದ ಸೋಮವಾರ ಬಂತು. ಅಷ್ಟರಲ್ಲಿ ಹಳೇ ಬಣ್ಣ ಮಾಸಿ, ಬೈತಲೆಯಲ್ಲೂ ಕಿವಿಗಳ ಸುತ್ತಲೂ ಬಿಳುಪು ಧಾರಾಳವಾಗಿ ಇಣುಕುತ್ತಿತ್ತು. ಕಚೇರಿಯಲ್ಲಿ ಅದನ್ನು ನಾಲ್ಕು ದಿನದಿಂದ ತಲೆಗೆ ಮಫ್ಲರ್ ಸುತ್ತಿ ಮರೆಸಿದ್ದರು. ಹೆಡ್ ಕ್ಲರ್ಕ್ ಬೆಳಗ್ಗೆಯೇ ಬಚ್ಚಲು ಸೇರಿ, ಕನ್ನಡಕ ತೆಗೆದಿಟ್ಟು, ಗೂಡಿನಿಂದ ಬಣ್ಣದ ಡಬ್ಬಿ ಎತ್ತಿಕೊಂಡರು. ಗೂಡಿನಲ್ಲಿದ್ದುದು ಎರಡು ಡಬ್ಬಿ. ಒಂದು ಅವರದು, ಕಪ್ಪು. ಇನ್ನೊಂದು ಕಾಲೇಜಿಗೆ ಹೋಗುವ ಮಗಳದು. ಜುಟ್ಟಿನ ತುದಿಗೆ ಹಚ್ಚಿಕೊಳ್ಳಲು ತಂದ ಬದನೆಕಾಯಿ ಬಣ್ಣ. ಒಂದೇ ಕಂಪನಿ, ಒಂದೇ ಅಳತೆ, ವ್ಯತ್ಯಾಸವೆಲ್ಲ ಡಬ್ಬಿಯ ಬಣ್ಣದಲ್ಲಿ. ಹಸಿರು ಬೆಳಕಿನಲ್ಲಿ ಎರಡೂ ಕಪ್ಪೇ!

ಆರಾಮವಾಗಿ ಬಳಿದುಕೊಂಡರು. ಮೇಲಿನಿಂದ ಯಾರೂ ತಪ್ಪು ಹುಡುಕಲಿಲ್ಲ. ಅರ್ಧ ಗಂಟೆ ಬಿಟ್ಟು ತೊಳೆದರು, ಹರಿದ ನೀರು ಕಪ್ಪು. ಕನ್ನಡಕ ಹಾಕಿ ಕನ್ನಡಿ ನೋಡಿದರು, ತಲೆ ಕಾಡಿಗೆಗಪ್ಪು! ಗಾಜಿನ ಗೋಡೆಯನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟಿ ಹೊರಬಂದರು.

ಹೆಂಡತಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ರೀ, ನಿಮ್ಮ ತಲೆ..."

"ನಾನೇನು ಹೇಳಿದ್ದೆ?"

"ಅಲ್ಲಾ, ಒಂದೇ ಒಂದ್ಸಲ ಹೊರಗಿನ ಕನ್ನಡಿ..."

"ತಲೆ ಸುದ್ದಿ ಬೇಡ ಅಂದ್ರೆ ಬೇಡ!"

"ಬೇಡ ಅಂದ್ರೆ ಬೇಡ," ಎಂದು ಆಕೆ ಕುರ್ಚಿ ಎಳೆದುಕೊಂಡು ನೆಮ್ಮದಿಯಾಗಿ ಕೂತಳು. ಹೆಡ್ ಕ್ಲರ್ಕ್ ಹೆಲ್ಮೆಟ್ ಏರಿಸಿ ಸ್ಕೂಟರ್ ಹತ್ತಿದರು.

ಕಚೇರಿಯಲ್ಲಿ ಹೆಲ್ಮೆಟ್ ತೆಗೆದರು. ಟೈಪು ಮಾಡುತ್ತಿದ್ದ ಬೆರಳುಗಳು ನಿಂತವು. ಯಾರದೋ ಕೈಯಿಂದ ಫೈಲು ಜಾರಿತು. ಎಲ್ಲರೂ ಬೆರಗಾಗಿದ್ದಾರೆಂದು ಹೆಡ್ ಕ್ಲರ್ಕ್ ಎದೆಯುಬ್ಬಿಸಿದರು.

ಟೈಲರಮ್ಮನ ಅಳಿಯ ಮೆಲ್ಲಗೆ ಹತ್ತಿರ ಬಂದು, "ಸಾರ್, ನೀರು ಬದಲಾಯ್ಸಿದ್ರಾ?" ಎಂದ.

"ಅದೇ ನೀರು, ಅದೇ ನಲ್ಲಿ! ಯಾಕೆ?"

ಅವನು ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಅಷ್ಟರಲ್ಲಿ ಫೋಟೋದವನು ಬಂದು, ಹೆಡ್ ಕ್ಲರ್ಕನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಸಲ ಕ್ಲಿಕ್ಕಿಸಿ, ಕ್ಯಾಮೆರಾವನ್ನು ಉಜ್ಜಿ, ಇನ್ನೊಂದು ಸಲ ಕ್ಲಿಕ್ಕಿಸಿ, ಕೊನೆಗೆ ಅದನ್ನು ಅವರ ಮುಂದೆಯೇ ಹಿಡಿದ. "ಸಾರ್, ಕ್ಯಾಮೆರಾ ಕೆಟ್ಟಿದೆಯೋ ಏನೋ, ಸ್ವಲ್ಪ ನೀವೇ ನೋಡಿ."

ಹೆಡ್ ಕ್ಲರ್ಕ್ ನೋಡಿದರು. ಚೌಕದೊಳಗೆ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ತುಂಬ ಗೌರವಸ್ಥ ಬದನೆಕಾಯಿಯೊಂದು ನಗುತ್ತಾ ಕೂತಿತ್ತು. ಹಸಿರು ಗೋಡೆ, ಎರಡು ಡಬ್ಬಿ, ಹೆಂಡತಿಯ ನೆಮ್ಮದಿ, ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಓಡೋಣವೆಂದರೆ ಹೆಲ್ಮೆಟ್ ದೂರದ ಮೇಜಿನ ಮೇಲಿತ್ತು.

ಆಗಲೇ ಲೇಖನದ ಹಾಳೆ ಹಿಡಿದು ಮ್ಯಾನೇಜರು ಬಾಗಿಲಿಗೆ ಬಂದರು. ಒಂದು ಸಲ ಹಾಳೆ ನೋಡಿದರು, ಒಂದು ಸಲ ತಲೆ ನೋಡಿದರು.

"ಏನ್ರೀ ಇದು? ನಿಮ್ಮ ಕೂದಲು ಕಪ್ಪು ಅಂತ ಬರೆದಿದ್ದೀನಲ್ರೀ ನಾನು?"

ಹೆಡ್ ಕ್ಲರ್ಕ್ ಎದ್ದು ನಿಂತರು.

"ನಮ್ಮ ಬಚ್ಚಲಲ್ಲಿ ಕಪ್ಪಗೇ ಇದೆ ಸಾರ್."