ನಂಗೂ ಸುಸ್ತು

ಸುಸ್ತು ಎನ್ನುವ ಪದವನ್ನು ಕನ್ನಡಕ್ಕೆ ಯಾರು ತಂದರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಅವರನ್ನು ಎದುರಿಗೆ ಕೂರಿಸಿಕೊಂಡು ಎರಡು ಮಾತು ಕೇಳುವುದಿದೆ. ನಾನು ಹಾಸನದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಎಂ.ಡಿ. ಓದುತ್ತಿರುವ ಎರಡನೇ ವರ್ಷದ ರೆಸಿಡೆಂಟ್ ಡಾಕ್ಟರು. 'ಓದುತ್ತಿರುವ' ಎನ್ನುವುದು ಕಾಗದದ ಮೇಲಿನ ಮಾತು. ಪುಸ್ತಕ ಬಿಚ್ಚಿದರೆ ಎರಡನೇ ಸಾಲಿಗೇ ಕಣ್ಣು ಮುಚ್ಚುತ್ತದೆ. ರೆಸಿಡೆಂಟ್ ಎಂದರೆ ನಿವಾಸಿ ಎಂದರ್ಥವಂತೆ. ಅದಕ್ಕೇನೂ ಮೋಸವಿಲ್ಲ, ನಾನು ವಾಸವಾಗಿರುವುದು ಆಸ್ಪತ್ರೆಯಲ್ಲೇ. ಹಾಸ್ಟೆಲಿನ ಕೋಣೆಗೆ ನೆಂಟರ ಹಾಗೆ ಹೋಗಿ ಬಟ್ಟೆ ಬದಲಾಯಿಸಿ ಬರುತ್ತೇನೆ. ಚನ್ನರಾಯಪಟ್ಟಣದಿಂದ ಅಮ್ಮ ಫೋನ್ ಮಾಡಿ, "ಎಂಗಿದ್ದೀಯಾ ಅಮ್ಮಿ?" ಎಂದರೆ ನನ್ನ ಬಾಯಿಂದ ಬರುವ ಮೊದಲ ಪದ ಸುಸ್ತು. "ನಂಗೂ ಕಣೆ, ಬೆಳಗಿಂದ ಒಂದೇ ಸುಸ್ತು" ಎನ್ನುತ್ತಾಳೆ ಅಮ್ಮ. ಅಲ್ಲಿಗೆ ತಾಯಿ ಮಗಳ ಮಾತು ಮುಗಿಯುತ್ತದೆ. ಇಬ್ಬರಿಗೂ ಅದೇ ಸಮಾಧಾನ.

ನಮ್ಮ ವಿಭಾಗದ ಬಾಗಿಲಲ್ಲಿ ಒಂದು ಮೇಜಿದೆ. ಬಂದವರನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುವುದು ಅಲ್ಲಿ ಕೂತವರ ಕೆಲಸ. ಕೆಂಪು ಎಂದರೆ ಒಂದು ನಿಮಿಷವೂ ಕಾಯಿಸಬಾರದು, ಹಸಿರು ಎಂದರೆ ಬೆಂಚಿನ ಮೇಲೆ ಕೂತಿರಬಹುದು. ಅದಕ್ಕೊಂದು ಇಂಗ್ಲಿಷ್ ಫಾರಂ. ಎದೆನೋವು, ತಲೆಸುತ್ತು, ಜ್ವರ, ಪೆಟ್ಟು, ಎಲ್ಲಕ್ಕೂ ಅದರಲ್ಲಿ ಒಂದೊಂದು ಚೌಕವಿದೆ. ಸುಸ್ತಿಗೆ ಮಾತ್ರ ಚೌಕವಿಲ್ಲ. ಆದರೆ ಸುತ್ತಲ ತಾಲ್ಲೂಕುಗಳಿಂದ ಬರುವವರೆಲ್ಲ ಹೇಳುವುದು ಅದೊಂದನ್ನೇ. ಮೆಟ್ಟಿಲು ಹತ್ತಿ ಏದುಸಿರು ಬಿಡುವವರದ್ದೂ ಸುಸ್ತು, ಮೂರು ದಿನ ಭೇದಿಯಾದವರದ್ದೂ ಸುಸ್ತು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ತಿಂಡಿ ಬಿಟ್ಟವರದ್ದೂ ಸುಸ್ತು. ಹೊಳೆನರಸೀಪುರದ ಮೇಷ್ಟರೊಬ್ಬರಿಗೆ ಚುನಾವಣೆ ಡ್ಯೂಟಿಯ ಆರ್ಡರು ಕೈಗೆ ಬಂದ ದಿನವೇ ಸುಸ್ತು ಶುರುವಾಗಿತ್ತು. ಎಲ್ಲ ಪರೀಕ್ಷೆ ಮಾಡಿಸಿ, "ನಿಮಗೇನೂ ಆಗಿಲ್ಲ ಸಾರ್" ಎಂದೆ. "ದಮ್ಮಯ್ಯ, ಅಂಗಂತ ಮಾತ್ರ ಬರ್ಕೊಡಬೇಡಿ ಮೇಡಂ" ಎಂದು ಕೈಮುಗಿದರು.

ಹೀಗಾಗಿ ಸುಸ್ತು ಎಂದವರನ್ನು ಬಿಡಿಸಿ ಬಿಡಿಸಿ ಕೇಳಬೇಕು. ಉಸಿರು ಕಟ್ಟುತ್ತದೆಯೋ, ಸಂಕಟವಾಗುತ್ತದೆಯೋ, ಬೆವರು ಬರುತ್ತದೆಯೋ. ಸಕ್ಕರೆ ಕಾಯಿಲೆಯವರನ್ನಂತೂ ಇನ್ನಷ್ಟು ಕೇಳಬೇಕು. ಹೃದಯಾಘಾತವಾದರೂ ಅವರಲ್ಲಿ ಕೆಲವರಿಗೆ ಎದೆನೋವೇ ಬರುವುದಿಲ್ಲ, ಬರೀ ಸುಸ್ತು. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಗಿಟ್ಟಿಸಿದ್ದೇನೆ. ಜೂನಿಯರುಗಳನ್ನು ನಿಲ್ಲಿಸಿಕೊಂಡು ಪಾಠ ಕೂಡ ಮಾಡಿದ್ದೇನೆ.

ಆವತ್ತು ಸೋಮವಾರ, ಬೆಳಿಗ್ಗೆ ಹನ್ನೊಂದರ ಹೊತ್ತು. ಭಾನುವಾರ ಬೆಳಿಗ್ಗೆ ಹಾಕಿಕೊಂಡ ಶೂ ಇನ್ನೂ ಕಾಲಲ್ಲೇ ಇತ್ತು, ಏಕೆಂದರೆ ನನ್ನ ಡ್ಯೂಟಿ ವಹಿಸಿಕೊಳ್ಳಲು ಬರಬೇಕಾದವನಿಗೆ ಜ್ವರ. ಅರಕಲಗೂಡು ಕಡೆಯ ಸಿದ್ದಣ್ಣ ಎಂಬ ಯಜಮಾನರು ಟ್ರ್ಯಾಕ್ಟರಿನಿಂದ ಇಳಿಯುವಾಗ ಕಾಲು ಹೊರಳಿ, ಪಾದ ಊದಿಸಿಕೊಂಡು ಬಂದರು. ಜೊತೆಯಲ್ಲಿ ಹೆಂಡತಿ ಪುಟ್ಟನಂಜಮ್ಮ, ಅರವತ್ತು ದಾಟಿದವರು. ಸಿದ್ದಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಡಾಕ್ಟ್ರು ಯಾವಾಗ ಬತ್ತಾರೆ ಸಿಸ್ಟರ್?" ಎಂದರು. ನಾನೇ ಡಾಕ್ಟರು ಎಂದೆ. "ಇರ್ಲಿ ಬುಡಿ, ಅವ್ರು ಬರೋಗಂಟ ನೀವೇ ನೋಡ್ತಿರಿ" ಎಂದು ದೊಡ್ಡ ಮನಸ್ಸು ಮಾಡಿದರು.

ನಾನು ಅವರ ಪಾದ ಒತ್ತಿ ನೋಡುತ್ತಿದ್ದಾಗ ಪುಟ್ಟನಂಜಮ್ಮ ಪಕ್ಕದಿಂದ ಮೆಲ್ಲಗೆ, "ನಂಗೂ ಯಾಕೋ ಸುಸ್ತು ಕಣ್ ಮಗಾ" ಎಂದರು. ನಾನು ತಲೆ ಎತ್ತಲಿಲ್ಲ. "ನಂಗೂ ಸುಸ್ತು ಕಣಮ್ಮ, ಹೋಗಿ ಬೆಂಚ್ ಮೇಲೆ ಕೂತ್ಕೊಳ್ಳಿ" ಎಂದೆ. ಅಮ್ಮನ ಜೊತೆ ಫೋನಿನಲ್ಲಿ ಆಡಿ ಆಡಿ ಬಾಯಿಗೆ ಅಂಟಿಕೊಂಡ ಮಾತು. ಸಿದ್ದಣ್ಣ ನಕ್ಕರು, ನಾನೂ ನಕ್ಕೆ. ಪುಟ್ಟನಂಜಮ್ಮ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಹೋಗಿ ಕೂತರು. ಸಿದ್ದಣ್ಣನವರನ್ನು ಗಾಲಿಕುರ್ಚಿಯಲ್ಲಿ ಎಕ್ಸ್-ರೇಗೆ ಕಳಿಸಿ ನಾನು ಮುಂದಿನವರ ಕಡೆ ತಿರುಗಿದೆ.

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳುತ್ತೇನೆ. ಆಸ್ಪತ್ರೆಗೆ ಬರುವವರಲ್ಲಿ ಎರಡು ಬಗೆ. ಒಂದು ರೋಗಿ, ಇನ್ನೊಂದು ರೋಗಿಯ ಕಡೆಯವರು. ಚೀಟಿ ಮಾಡಿಸುವುದು, ರಿಪೋರ್ಟು ಹಿಡಿದು ಓಡಾಡುವುದು, ನಡುನಡುವೆ ನಮ್ಮನ್ನು ಬೈಯುವುದು, ಇವು ರೋಗಿಯ ಕಡೆಯವರ ಕೆಲಸ. ಕಾಯಿಲೆ ಬೀಳುವುದು ಅದರಲ್ಲಿ ಸೇರಿಲ್ಲ. ಪುಟ್ಟನಂಜಮ್ಮನವರ ಹೆಸರಲ್ಲಿ ಚೀಟಿಯೇ ಇರಲಿಲ್ಲ. ಈ ವಾದವನ್ನು ಆಮೇಲೆ ನಾನು ನನಗೇ ಹತ್ತಾರು ಸಲ ಹೇಳಿಕೊಂಡಿದ್ದೇನೆ, ಒಂದು ಸಲವೂ ಅದು ಗೆದ್ದಿಲ್ಲ.

ಇಪ್ಪತ್ತು ನಿಮಿಷ ಆಗಿರಬೇಕು. ಗಿರಿಜಕ್ಕ ಎಂದು ನಮ್ಮ ಸ್ಟಾಫ್ ನರ್ಸು, ವಿಭಾಗದಲ್ಲಿ ಪ್ರೊಫೆಸರಿಗಿಂತ ಹಳಬರು. ಬಂದು ನನ್ನ ಕಿವಿಯ ಹತ್ತಿರ, "ಡಾಕ್ಟ್ರೇ, ಆ ಬೆಂಚ್ ಮೇಲಿರೋ ಅಮ್ಮ ಫ್ಯಾನ್ ಕೆಳಗೆ ಕೂತ್ಕಂಡು ಸೆರಗಲ್ಲಿ ಬೆವರು ಒರೆಸ್ಕತಾವ್ರೆ. ನಂಗ್ಯಾಕೋ ಸರಿ ಕಾಣ್ತಿಲ್ಲ" ಎಂದರು. ಓಡಿದೆ. "ಅಮ್ಮಾ, ಸಕ್ಕರೆ ಕಾಯಿಲೆ ಇದೆಯಾ?" ಎಂದೆ. "ಅದೆ ಕಣವ್ವ, ಹತ್ತೊರ್ಸದಿಂದ" ಎಂದರು. ಮಲಗಿಸಿ ಈಸಿಜಿ ತೆಗೆದರೆ, ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಗೆರೆಗಳೇ ಪಟ್ಟಿಯ ಮೇಲೆ ಒಂದೂ ತಪ್ಪದೆ ಮೂಡಿ ಬಂದವು. ದೊಡ್ಡ ಹೃದಯಾಘಾತ. ಈ ಹೆಂಗಸು ಸತ್ತರೆ ಅದಕ್ಕೆ ನಾನೇ ಕಾರಣ ಎಂದು ಸ್ಪಷ್ಟವಾಗಿ ಅನ್ನಿಸಿತು.

ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಶುರು ಮಾಡುತ್ತಿರುವಾಗ ಸಿದ್ದಣ್ಣ ಎಕ್ಸ್-ರೇ ಮುಗಿಸಿ ಬಂದರು. ತಾವು ಮಲಗಬೇಕಾದ ಮಂಚದ ಮೇಲೆ ಹೆಂಡತಿ ಮಲಗಿದ್ದನ್ನು ಕಂಡು ಕಕ್ಕಾಬಿಕ್ಕಿಯಾಗಿ, "ಕಾಲು ನಂದಲ್ವಾ?" ಎಂದರು. ಬೇರೆ ದಿನವಾಗಿದ್ದರೆ ಹಾಸ್ಟೆಲಿಗೆ ಹೋಗಿ ವಾರಗಟ್ಟಲೆ ಹೇಳಿಕೊಂಡು ನಗುತ್ತಿದ್ದೆ. ವಿಷಯ ತಿಳಿಸಿದೆ. ಅವರು ಕೈಯಲ್ಲಿದ್ದ ಎಕ್ಸ್-ರೇಯನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಉಳಿಸ್ಕೊಡಿ ಡಾಕ್ಟ್ರೇ, ಅವ್ಳಿಲ್ದೆ ನಂಗೆ ಏನೂ ಗೊತ್ತಾಗಕ್ಕಿಲ್ಲ" ಎಂದರು. ಅವರು ನನ್ನನ್ನು ಡಾಕ್ಟರು ಎಂದದ್ದು ಅದೇ ಮೊದಲು. ಇನ್ನೊಂದು ಸ್ವಲ್ಪ ಹೊತ್ತು ಸಿಸ್ಟರ್ ಎಂದೇ ಕರೆಯಬಾರದಿತ್ತೇ ಎನ್ನಿಸಿತು.

ಮಧ್ಯಾಹ್ನ ಎರಡರವರೆಗೂ ನಾನು ಆ ಮಂಚ ಬಿಟ್ಟು ಅಲುಗಲಿಲ್ಲ. ನಿದ್ದೆ ಎತ್ತ ಹೋಯಿತೋ ಗೊತ್ತಿಲ್ಲ. ಪುಟ್ಟನಂಜಮ್ಮ ಸ್ವಲ್ಪ ಚೇತರಿಸಿಕೊಂಡು ಐಸಿಯುಗೆ ಹೋದರು. ಸಿದ್ದಣ್ಣನವರ ಪಾದದ ಮೂಳೆ ಬಿರುಕು ಬಿಟ್ಟಿತ್ತು, ಅದಕ್ಕೆ ಪ್ಲಾಸ್ಟರ್ ಬಿತ್ತು. ಮಾರನೆಯ ದಿನ ಪ್ರೊಫೆಸರು ಕರೆದು ಈಸಿಜಿ ಯಾಕೆ ತಡವಾಯಿತೆಂದು ಕೇಳಿದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಹೋಗಮ್ಮ, ಹೋಗಿ ಕೆಲಸ ನೋಡು" ಎಂದರು. ಬೈದಿದ್ದರೆ ವಾಸಿಯಿತ್ತು.

ಐದು ದಿನ ಕಳೆದ ಮೇಲೆ ಗಂಡ ಹೆಂಡತಿ ಊರಿಗೆ ಹೊರಟಿದ್ದಾರೆಂದು ತಿಳಿದು ವಾರ್ಡಿಗೆ ಹೋದೆ. ಪುಟ್ಟನಂಜಮ್ಮ ಮಂಚದ ಮೇಲೆ ಕೂತು ಜಡೆ ಹಾಕಿಕೊಳ್ಳುತ್ತಿದ್ದರು. ಸಿದ್ದಣ್ಣ ಪ್ಲಾಸ್ಟರ್ ಕಾಲು ಚಾಚಿಕೊಂಡು ಸ್ಟೂಲಿನ ಮೇಲಿದ್ದರು. ನಾನು ನಿಂತಲ್ಲೇ, "ಅಮ್ಮಾ, ಆವತ್ತು ನೀವು ಹೇಳಿದ ತಕ್ಷಣ ನಾನು ನೋಡಬೇಕಿತ್ತು. ನೋಡಲಿಲ್ಲ. ತಪ್ಪಾಯ್ತು" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ತಪ್ಪಿನಲ್ಲಿ ಒಂದಿಷ್ಟನ್ನಾದರೂ ರೋಗಿಯ ತಲೆಗೆ ಕಟ್ಟದಿದ್ದರೆ ನಮಗೆ ಸಮಾಧಾನವಿಲ್ಲ. "ನೀವಾದ್ರೂ ಇನ್ನೊಂದ್ಸಲ ಕೂಗಿ ಹೇಳೋದಲ್ವಾ?" ಎಂದು ಸೇರಿಸಿದೆ.

"ಯೋಳನಾ ಅಂತ್ಲೇ ಇದ್ದೆ ಕಣ್ ಮಗಾ," ಎಂದರು ಪುಟ್ಟನಂಜಮ್ಮ, ಜಡೆಯ ತುದಿಗೆ ಗಂಟು ಹಾಕುತ್ತಾ. "ನೀನೇ ಸುಸ್ತು ಅಂದ್ಬುಟ್ಟೆ. ಮೊಕ ನೋಡುದ್ರೂ ಅಂಗೇ ಇತ್ತು. ಪಾಪ, ಇವ್ಳಿಗ್ಯಾಕೆ ಇನ್ನೊಂದ್ ಕೆಲ್ಸ ಅಂತ ಸುಮ್ಕಾದೆ."

ಬೈಸಿಕೊಂಡರೆ ಏನು ಮಾಡಬೇಕೆಂದು ನನಗೆ ಗೊತ್ತು. ಇದಕ್ಕೆ ಏನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕಣ್ಣು ತುಂಬಿಕೊಂಡಿತು. ಅವರೇ ಮುಂದುವರಿಸಿ, "ಈಗೆಂಗದೆ ನಿನ್ ಸುಸ್ತು? ಯಾರ್ಗಾರ ತೋರುಸ್ದಾ?" ಎಂದು ಕೇಳಿದರು.

"ಏನಿಲ್ಲಮ್ಮ, ಚೆನ್ನಾಗೇ ಇದೀನಿ" ಎಂದೆ.

ಪುಟ್ಟನಂಜಮ್ಮ ನನ್ನ ಮಾತು ನಂಬಲಿಲ್ಲ. ಗಂಡನ ಕಡೆ ತಿರುಗಿ, "ಏಳಿ ಅತ್ಲಾಗೆ, ಮಗ ಕೂತ್ಕಳ್ಳಿ" ಎಂದರು. ಸಿದ್ದಣ್ಣ ಮಂಚದ ಕಂಬಿ ಹಿಡಿದು, ಪ್ಲಾಸ್ಟರ್ ಹಾಕಿದ ಕಾಲನ್ನು ಎಳೆದುಕೊಂಡು ಎದ್ದು ನಿಂತರು. ನಾನು ನಾಚಿಕೆ ಬಿಟ್ಟು ಕೂತುಬಿಟ್ಟೆ.