ಮೂಗಿಲ್ಲದ ಕಾರು

ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡರೆ ಎಂಥವನ ಎದೆಯೂ ಧಸಕ್ ಅನ್ನುತ್ತದೆ. ಅರುಣಕುಮಾರನಿಗೆ ಮಾತ್ರ ಮನೆಯಲ್ಲಿ ತೊಟ್ಟಿಲು ಕಟ್ಟಿದಷ್ಟು ಸಂತೋಷವಾಗಿತ್ತು. ಯಾಕೆಂದರೆ ಆ ದೀಪ ಹೊತ್ತಿಸಿದವನು ಅವನೇ.

ಸೇಡಂ ತಾಲೂಕಿನದೇ ಒಂದು ಊರಾದ ಮುಧೋಳದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅರುಣಕುಮಾರನ ಮನೆ ಇದ್ದದ್ದು ಸೇಡಂನಲ್ಲಿ. ಅವನ ಓಣಿಯಲ್ಲಿ ಕಾರಿದ್ದದ್ದು ಅವನೊಬ್ಬನಿಗೇ. ಹಾಗಂತ ಅದು ಅವನ ಕಾರಾಗಿರಲಿಲ್ಲ, ಓಣಿಯ ಕಾರಾಗಿತ್ತು. ಯಾರದೋ ಸೊಸೆಗೆ ಹೆರಿಗೆ ಬ್ಯಾನಿ ಬಂದರೆ ಕಲಬುರಗಿಗೆ, ಯಾರದೋ ಬೀಗರು ರೈಲಿಳಿದರೆ ವಾಡಿಗೆ, ಯಾರಿಗೋ ಹೆಣ್ಣು ನೋಡಬೇಕಾದರೆ ಚಿಂಚೋಳಿಗೆ. "ಅರುಣಾ, ಹ್ಯಾಂಗಿದ್ರೂ ಹೊಂಟೀಯಲ್ಲ, ನಮ್ಮನ್ನೂ ಬಿಡು" ಅನ್ನುತ್ತ ಬಾಗಿಲು ತೆಗೆದು ಕುಳಿತೇಬಿಡುತ್ತಿದ್ದರು. ಅವನು ಎಲ್ಲಿಗೂ ಹೊರಟಿರುತ್ತಿರಲಿಲ್ಲ, ಅಂಗಳದಲ್ಲಿ ನಿಂತು ಹಲ್ಲುಜ್ಜುತ್ತಿರುತ್ತಿದ್ದ. "ಒಲ್ಲೆ" ಅನ್ನುವ ಶಬ್ದ ಗಂಟಲ ತನಕ ಬಂದು, ಒದೆಯುವ ಎಮ್ಮೆಯನ್ನು ಕಂಡಂತೆ ಹಿಂದಕ್ಕೆ ಸರಿದುಬಿಡುತ್ತಿತ್ತು. ಒಂದು ಭಾನುವಾರವಾದರೂ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಆರುವ ಮೊದಲೇ ಚಹಾ ಕುಡಿಯಬೇಕು ಅನ್ನುವುದೊಂದೇ ಅವನ ಬದುಕಿನ ಆಸೆ.

ಕಾರಿಗೆ ಹದಿನೈದು ತುಂಬಿದಾಗ ದೇವರು ಕಣ್ಣು ತೆರೆದ. ಸಾರಿಗೆಯ ಇನ್‌ಸ್ಪೆಕ್ಟರು ಸೇಡಂಗೆ ಕ್ಯಾಂಪಿಗೆ ಬಂದ ದಿನ ಅದನ್ನು ಅವರ ಮುಂದೆ ನಿಲ್ಲಿಸಬೇಕು. ಪಾಸಾದರೆ ಇನ್ನೂ ಐದು ವರ್ಷ ಓಡುತ್ತದೆ, ನಪಾಸಾದರೆ ಗುಜರಿಗೆ. ಐದು ವರ್ಷ! ಅಂದರೆ ಇನ್ನೂ ಇನ್ನೂರ ಅರವತ್ತು ಭಾನುವಾರ ಅಂತ ಅರುಣಕುಮಾರ ಲೆಕ್ಕ ಹಾಕಿದ. ಯಾರಿಗೂ ಹೇಳದೆ ಶಹಾಬಾದಿಗೆ ಹೋಗಿ, ಗುರುತಿಲ್ಲದ ಮೆಕ್ಯಾನಿಕ್ ಒಬ್ಬನಿಂದ ಹೊಗೆ ಕೊಳವೆಯ ಆಕ್ಸಿಜನ್ ಸೆನ್ಸರ್ ಬಿಚ್ಚಿಸಿ, ಆ ತೂತಿಗೆ ಒಂದು ಬೋಲ್ಟು ಜಡಿಸಿಕೊಂಡು ಬಂದ. ಹೆಬ್ಬೆರಳಿನಷ್ಟು ದಪ್ಪದ ಆ ವಸ್ತು ಕಾರಿನ ಮೂಗು ಇದ್ದಹಾಗೆ. ಹೊಗೆ ಮೂಸಿ ನೋಡಿ, ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಅಂತ ಎಂಜಿನ್ನಿಗೆ ಸುದ್ದಿ ಮುಟ್ಟಿಸುತ್ತದೆ. ಮೂಗು ಹೋದ ಕಾರು ಹಳದಿ ದೀಪ ಹಚ್ಚಿಕೊಂಡು ಕೂತಿತು. ಆ ದೀಪ ಉರಿಯುವ ಕಾರನ್ನು ಯಾವ ಇನ್‌ಸ್ಪೆಕ್ಟರೂ ಪಾಸು ಮಾಡುವುದಿಲ್ಲ.

ಕ್ಯಾಂಪಿನ ದಿನ ಬೆಳಿಗ್ಗೆ ಹೆಂಡತಿ ಉಮಾದೇವಿ ಚಾಲೂ ಮಾಡಿ ನಿಲ್ಲಿಸಿದ್ದ ಕಾರಿಗೆ ಹೂವು ಏರಿಸಲು ಹೋದವಳು ದೀಪ ನೋಡಿಬಿಟ್ಟಳು.

"ರೀ! ಇದೇನ್ರೀ ಹಳದಿ ಉರಿಯಾಕತ್ತದ! ಇವತ್ತ ಕ್ಯಾಂಪ್ ಅದ!"

ಆ ಕೂಗಿಗೆ ಓಣಿಯೇ ಎದ್ದು ಬಂತು. ಎಲ್ಲರಿಗಿಂತ ಮುಂದೆ ಎದುರು ಮನೆಯ ಹಮೀದಾಬಿ, ಮೊಣಕಾಲು ಹಿಡಿದುಕೊಂಡೇ.

"ಕಣ್ಣ ಬಿದ್ದದ ಬೇಟಾ. ಮೊನ್ನಿ ಹಿಂದಿನ ಓಣಿಯವ್ರು ನಿಂತ್ ನಿಂತ್ ನೋಡಾಕತ್ತಿದ್ರು" ಎಂದು ಉಪ್ಪು, ಮೆಣಸಿನಕಾಯಿ ತಂದು ಕಾರಿನ ಸುತ್ತ ಇಳಿ ತೆಗೆದು ಸುಟ್ಟಳು. ಘಾಟಿಗೆ ಓಣಿಯೆಲ್ಲ ಕೆಮ್ಮಿತು. ದೀಪ ಮಾತ್ರ ಮಿಸುಕಲಿಲ್ಲ.

"ಹೋಗ್ಲಿ ಬಿಡ್ರಿ ಖಾಲಾ. ಮುದುಕ ಆಗ್ಯಾದ. ಅದರ ಹಣೀಬರಹ" ಎಂದ ಅರುಣಕುಮಾರ, ದನಿಯನ್ನು ಆದಷ್ಟು ಒದ್ದೆ ಮಾಡಿಕೊಂಡು.

"ಹ್ಯಾಂಗ ಬಿಡ್ತೀಯೋ?" ಎಂದು ಮುಂದೆ ಬಂದರು ಭೀಮಶ್ಯಾ ಕಾಕಾ. ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಗೆ ಹಸಿರು ಬಾವುಟ ತೋರಿಸಿ ನಿವೃತ್ತರಾದವರು. ಗಾಲಿ ಇದ್ದದ್ದೆಲ್ಲ ತಮ್ಮ ಇಲಾಖೆ ಅಂತಲೇ ಅವರ ನಂಬಿಕೆ. "ಇದು ಉಷ್ಣ. ನೀರ ಕಡಿಮಿ ಆಗ್ಯಾದ. ಉಮಾ, ಕೊಡಪಾನ ತಾ!"

ಕೊಡಪಾನ ಬಂತು. ನೀರು ಹೋಗಬೇಕಾದಲ್ಲಿಗೂ ಹೋಯಿತು, ಹೋಗಬಾರದಲ್ಲಿಗೂ ಹೋಯಿತು. ದೀಪ ಉರಿಯುತ್ತಲೇ ಇತ್ತು. ಅರುಣಕುಮಾರ ಟವೆಲ್ಲಿನ ಮರೆಯಲ್ಲಿ ಸಣ್ಣಗೆ ನಕ್ಕ.

ಆ ನಗೆ ಮುಗಿಯುವ ಮೊದಲೇ ಯಾರೋ ಬಸ್‌ಸ್ಟ್ಯಾಂಡಿಗೆ ಓಡಿ ಮೆಕ್ಯಾನಿಕ್ ಮಲ್ಲುವನ್ನು ಎಳೆದು ತಂದರು. ಮಲ್ಲು ಬರಿಗೈಯಲ್ಲಿ ಬರಲಿಲ್ಲ, ಅಂಗೈಯಗಲದ ಸ್ಕ್ಯಾನರ್ ಹಿಡಿದುಕೊಂಡೇ ಬಂದ. ಅದರ ವೈರನ್ನು ಸ್ಟೇರಿಂಗಿನ ಕೆಳಗೆ ಚುಚ್ಚಿ, ಪಂಚಾಂಗ ಓದುವವನ ಹಾಗೆ ಹುಬ್ಬು ಗಂಟು ಹಾಕಿದ.

"ಅಣ್ಣಾರ, ಆಕ್ಸಿಜನ್ ಸೆನ್ಸರ್ ಮಾತೇ ಆಡವಲ್ದು."

"ಅಯ್ಯ, ಗಾಡಿಗೂ ಆಕ್ಸಿಜನ್ ಕಮ್ಮಿ ಆಗ್ಯಾದ?" ಎಂದು ಹಮೀದಾಬಿ ಬಾಯಿಗೆ ಸೆರಗು ಹಿಡಿದಳು. "ಸಿಲಿಂಡರ್ ತರಸ್ರಿ!"

ಮಲ್ಲು ಅಂಗಾತ ಮಲಗಿ ಕಾರಿನಡಿ ಸರಿದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ. ಅರುಣಕುಮಾರನಿಗೆ ಆ ಕಾಲು ಹಿಡಿದು ಎಳೆದು ಹಾಕಬೇಕೆನ್ನಿಸಿತು.

"ಯಪ್ಪಾ!" ಎಂದಿತು ಕಾರಿನಡಿಯ ದನಿ. "ಸೆನ್ಸರ್ ಇರೋ ಜಾಗಾದಾಗ ಬೋಲ್ಟ್ ಕುಂತದ! ವೈರ್ ಅನಾಥ ಜೋತಾಡಾಕತ್ತದ. ಇದು ಕೆಟ್ಟಿಲ್ಲ ಅಣ್ಣಾರ, ಯಾರೋ ಬಿಚ್ಚ್ಯಾರ!"

ಓಣಿ ಒಟ್ಟಿಗೇ ಬಾಯಿ ಬಿಟ್ಟಿತು. ಕಳ್ಳತನ! ನಮ್ಮ ಕಾರಿನ ಸಾಮಾನು! ಭೀಮಶ್ಯಾ ಕಾಕಾ ಪೊಲೀಸ್ ಠಾಣೆಗೆ ಹೋಗಲು ಚಪ್ಪಲಿ ಮೆಟ್ಟಿಯೇಬಿಟ್ಟರು. "ಆ ಕಳ್ಳನ ಕೈ ಮುರೀಲಿ, ಅವನ ಬಾಯಾಗ ಹುಳ ಬೀಳಲಿ" ಎಂದು ಹಮೀದಾಬಿ ಅರುಣಕುಮಾರನ ತಲೆ ಸವರುತ್ತಲೇ ಶಾಪ ಹಾಕಿದಳು. ಅವನು ಆ ಶಾಪವನ್ನು ಔಷಧ ನುಂಗುವ ಕರುವಿನಂತೆ ಗುಟುಕು ಗುಟುಕಾಗಿ ನುಂಗಿದ.

"ಅದು ಹ್ಯಾಂಗಿರ್ತದ ಮಲ್ಲು?" ಎಂದಳು ಉಮಾದೇವಿ.

"ಹೆಬ್ಬೆಟ್ಟಿನಷ್ಟು ದಪ್ಪ ಇರ್ತದ ವೈನಿ. ಹಿಂದ ಇಲಿ ಬಾಲದಂಗ ವೈರ್."

ಉಮಾದೇವಿ ಒಳಗೆ ಓಡಿದಳು. ಬರುವಾಗ ಅವಳ ಕೈಯಲ್ಲಿ ಇಲಿ ಬಾಲದ ಆ ವಸ್ತು ಇತ್ತು.

"ಮೊನ್ನಿ ಪ್ಯಾಂಟ್ ನೆನೀಲಿಕ್ಕ ಹಾಕುವಾಗ ಇವರ ಕಿಸೆದಾಗ ಸಿಕ್ತು. ದನದ ಜ್ವರ ನೋಡೋ ಥರ್ಮಾಮೀಟರ್ ಇರಬೇಕಂತ ತೆಗೆದಿಟ್ಟೀನಿ."

ಓಣಿಯ ಕಣ್ಣುಗಳೆಲ್ಲ ಅರುಣಕುಮಾರನ ಕಡೆ ತಿರುಗಿದವು. ಕಾಗಿಣಾ ಹೊಳೆ ಈಗಲೇ ಉಕ್ಕಿ ಬಂದು ತನ್ನನ್ನು ಒಯ್ಯಬಾರದೇ ಅಂತ ಅವನು ಬೇಡಿಕೊಂಡ.

"ಬಿ... ಬಿದ್ದಿತ್ತು" ಎಂದ. "ಕೋಡ್ಲಾ ರಸ್ತೆದಾಗ. ತಗ್ಗಿನ್ಯಾಗ ಗಾಡಿ ಎಗರಿ."

"ಬೋಲ್ಟ್?" ಎಂದ ಮಲ್ಲು.

"ತೂತ ಬಯಲಿತ್ತು. ನಾನೇ ಮುಚ್ಚಿದೆ."

ಹಮೀದಾಬಿಯ ಕಣ್ಣಲ್ಲಿ ನೀರು ಬಂತು.

"ನೋಡ್ರೆವ್ವಾ! ಬಿದ್ದ ಸಾಮಾನ ರಸ್ತೆ ತುಂಬ ಹುಡುಕಿ ತಂದು ಕಿಸೆದಾಗ ಇಟ್ಕೊಂಡ ತಿರಗ್ಯಾನ. ನಮಗ ಹೇಳಿದ್ರ ನಾವು ನೊಂದ್ಕೋತೀವಂತ ಬಾಯಿ ಬಿಟ್ಟಿಲ್ಲ! ಹಡೆದ ಮಕ್ಕಳಿಗೂ ಯಾರು ಇಷ್ಟು ಮಾಡ್ತಾರ?"

ಚಹಾ ಆರುವಷ್ಟರಲ್ಲಿ ಮಲ್ಲು ಮೂಗನ್ನು ಮೂಗಿನ ಜಾಗಕ್ಕೆ ತಿರುಗಿಸಿ ಕೂರಿಸಿದ. ಸ್ಕ್ಯಾನರಿನ ಗುಂಡಿ ಒತ್ತಿದ. ದೀಪ ಆರಿತು. ಓಣಿ ಚಪ್ಪಾಳೆ ತಟ್ಟಿತು. ಅರುಣಕುಮಾರನೂ ತಟ್ಟಿದ, ತನ್ನ ತಿಥಿಗೆ ತಾನೇ ಬಡಿಸುವವನ ಹಾಗೆ.

ಕ್ಯಾಂಪಿಗೆ ಒಬ್ಬನನ್ನೇ ಕಳಿಸುವ ಮಾತೇ ಇರಲಿಲ್ಲ. ಹಮೀದಾಬಿ, ಉಮಾದೇವಿ, ಮಲ್ಲು ಹಿಂದೆ ಕೂತರು, ಕಾಕಾ ಮುಂದೆ. ಮೈದಾನದಲ್ಲಿ ಇನ್‌ಸ್ಪೆಕ್ಟರು ಹೊಗೆ ನೋಡಿದರು, ಬ್ರೇಕ್ ಒತ್ತಿದರು, ಹಾರ್ನ್ ಬಾರಿಸಿದರು. ಎಲ್ಲದಕ್ಕೂ ತಲೆಯಾಡಿಸುತ್ತ ಬಂದರು. ಒಂದೊಂದು ತಲೆಯಾಟಕ್ಕೂ ಅರುಣಕುಮಾರನ ಜೀವ ಒಂದೊಂದು ಗೇಣು ಒಳಗಿಳಿಯಿತು. ಕಡೆಗೆ ಅವರು ಡ್ರೈವರ್ ಸೀಟಿನ ಕಾಲಡಿಯ ಮ್ಯಾಟ್ ಎತ್ತಿದರು. ಎತ್ತಿದವರು ಹಾಗೇ ನಿಂತರು.

"ಏನ್ರೀ ಇದು?"

ಅಲ್ಲಿ ತಗಡು ಇರಲಿಲ್ಲ. ನುಣ್ಣಗೆ ಕೂತಿದ್ದದ್ದು ಮನೆಯ ನೆಲಕ್ಕೆ ಹಾಸುವ ಒಂದು ಶಹಾಬಾದ್ ಫರ್ಸಿ ಕಲ್ಲು, ಸುತ್ತ ಸಿಮೆಂಟು.

"ತಗಡ ತುಕ್ಕ ಹಿಡಿದು ನೀರ ಬರ್ತಿತ್ತು ಸಾಹೇಬ್ರ" ಎಂದು ಭೀಮಶ್ಯಾ ಕಾಕಾ ಹೆಮ್ಮೆಯಿಂದ ಮುಂದೆ ಬಂದರು. "ಹೋದ ಮಳಿಗಾಲದಾಗ ನಮ್ಮ ಮನಿಗೆ ಫರ್ಸಿ ಹಾಕಾಕತ್ತಿದ್ರು. ಒಂದು ತುಂಡು ಉಳಿದಿತ್ತು, ನಾನೇ ಹಾಕ್ಸೀನಿ. ದವಾಖಾನಿಗೆ ಹೋಗಿದ್ದ ಅರುಣಗೂ ಗೊತ್ತಿಲ್ಲ. ಬ್ಯಾಸಿಗ್ಯಾಗ ಕಾಲಿಗೆ ಭಾಳ ತಂಪು."

"ಇದು ಕಾರೇನ್ರಿ, ಪಡಸಾಲಿ ಏನ್ರಿ? ರಸ್ತೆಗೆ ಬಿಡೂ ಹಂಗೇ ಇಲ್ಲ ಇದು. ಗುಜರಿಗೆ ಹಾಕ್ರಿ!"

ಅರುಣಕುಮಾರನ ಕಣ್ಣಿಂದ ದಳದಳ ನೀರಿಳಿಯಿತು. ಹದಿನೈದು ವರ್ಷದಲ್ಲಿ ಮೊದಲ ಸಲ ಅವನು ಸಾರ್ವಜನಿಕವಾಗಿ ಅತ್ತದ್ದು. ಅದು ಎಂಥ ಕಣ್ಣೀರೆಂದು ಅವನಿಗೊಬ್ಬನಿಗೇ ಗೊತ್ತು. ಕಾಕಾ ತಪ್ಪಿತಸ್ಥರಂತೆ ಅವನ ಬೆನ್ನು ಸವರಿದರು. ಹಮೀದಾಬಿ ಅವನ ಮುಖ ನೋಡಲಾಗದೆ ಫೋನ್ ಹಿಡಿದುಕೊಂಡು ದೂರ ಹೋದಳು.

ಸಂಜೆ ಅರುಣಕುಮಾರ ಕಟ್ಟೆಗೆ ಬಂದ. ಕಾಲು ಚಾಚಿದ. ಉಮಾದೇವಿ ಬಿಸಿ ಚಹಾ ಕೊಟ್ಟಳು. ಬಟ್ಟಲು ತುಟಿಗೆ ತಾಕಿತ್ತಷ್ಟೆ, ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಧೂಳೆಬ್ಬಿಸುತ್ತ ಬಂದ ಒಂದು ದೊಡ್ಡ ಕ್ರೂಸರ್ ಜೀಪು ಅವನ ಅಂಗಳದಲ್ಲೇ ನಿಂತಿತು. ಅದರಿಂದಿಳಿದ ತಾಂಡೂರಿನ ಯುವಕ ಕೀಲಿಯನ್ನು ಅವನ ಅಂಗೈಯಲ್ಲಿಟ್ಟ.

"ನನ್ನ ಅಳಿಯ" ಎಂದಳು ಹಮೀದಾಬಿ. "ಸೌದಿಗೆ ಹೊಂಟಾನ. ಗಾಡಿ ಸುಮ್ಮ ನಿಂತಿರ್ತಿತ್ತು. ನೀ ಅಳೋದು ನೋಡಿ ನನ್ನ ಕರುಳ ಚುರುಕ್ ಅಂತು ಬೇಟಾ. ಇನ್ನ ನೀನೇ ನಡಸು."

"ಹೋದ ತಿಂಗಳಷ್ಟೇ ಪಾಸಾಗ್ಯಾದ ಭಾಯಿ" ಎಂದ ಅಳಿಯ.

"ನೀವು... ವಾಪಸ್ ಯಾವಾಗ ಬರ್ತೀರಿ?"

"ಅದು ಅಲ್ಲಾಗೇ ಗೊತ್ತು."

ಭೀಮಶ್ಯಾ ಕಾಕಾ ಆಗಲೇ ಮುಂದಿನ ಸೀಟಿನಲ್ಲಿ ಕೂತಾಗಿತ್ತು. "ಇನ್ನ ಪಾಳಿ ಹಚ್ಚೋ ತ್ರಾಸಿಲ್ಲ ಅರುಣಾ. ಇಡೀ ಓಣಿ ಒಮ್ಮೆಗೇ ಹೋಗಬಹುದು. ನಸುಕಿನ್ಯಾಗ ಚಿಂಚೋಳಿಗೆ ನಡಿ, ಹ್ಯಾಂಗಿದ್ರೂ ಹೊಂಟೀಯಲ್ಲ."

ಅಷ್ಟರಲ್ಲಿ ಜೀಪಿನಡಿಯಿಂದ ಮಲ್ಲು ಹೊರಗೆ ಸರಿದು ಬಂದ. ಮುಖದ ತುಂಬ ಗ್ರೀಸು, ಗ್ರೀಸಿನ ತುಂಬ ನಗು.

"ಎಲ್ಲಾ ನೋಡ್ದೆ ಅಣ್ಣಾರ, ಹಳೇ ಡೀಜಲ್ ಗಾಡಿ. ಸೆನ್ಸರ್ ಗಿನ್ಸರ್ ಏನೂ ಇಲ್ಲ. ನೀವು ಅರಾಮ ಇರ್ರಿ, ಇದರಾಗ ಕಳಚಿ ಬೀಳೂ ಅಂಥಾದ್ದು ಒಂದೂ ಇಲ್ಲ."